ಎಲೆಕ್ಟ್ರಿಕ್ ಕಲಿತ ಮೇಲೆ ಗೆಳೆಯರು ನನ್ನ ಜೊತೆ ಟೆಕ್ಕನ್ ಆಡಲ್ಲ ಅಂತಿದ್ದಾರೆ

ಮಂಡಿಪೇಟೆ_ಕಜುಯಾ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವನು, ವಯಸ್ಸು 26. ಅಪ್ಪನ ಜೊತೆ ಅಂಗಡಿ ನೋಡಿಕೊಳ್ಳುತ್ತೇನೆ. ಸ್ವಲ್ಪ ಉದ್ದ ಬರೆದಿದ್ದೇನೆ, ಪೂರ್ತಿ ಓದಿ.

ಪ್ರತಿ ಭಾನುವಾರ ನಾವು ನಾಲ್ಕು ಜನ ಬೆಣ್ಣೆ ದೋಸೆ ತಿಂದು, ವಿನೋಬನಗರದಲ್ಲಿ ಒಬ್ಬ ಗೆಳೆಯನ ಮನೆ ಮಹಡಿ ರೂಮಿಗೆ ಹೋಗುತ್ತೇವೆ. ಒಂದು ಪಿಎಸ್5 ಗೇಮ್ ಮಷೀನು, ಎರಡು ಕಂಟ್ರೋಲರ್. ಸೋತವನು ಏಳಬೇಕು. ಇಬ್ಬರು ಎದುರುಬದುರು ಹೊಡೆದಾಡುವ ವಿಡಿಯೋ ಗೇಮ್ ಟೆಕ್ಕನ್ 8 ಬಂದಿದ್ದು 2024ರ ಜನವರಿಯಲ್ಲಿ. ಅವತ್ತಿನಿಂದ ನಮ್ಮ ಭಾನುವಾರ ಅಂದ್ರೆ ಇದೇ.

ಎಂಟು ತಿಂಗಳ ಹಿಂದೆ ನಾನು ಅದರಲ್ಲಿ ಕಜುಯಾ ಅನ್ನೋ ಪಾತ್ರದ ಎಲೆಕ್ಟ್ರಿಕ್ ಅನ್ನೋ ಏಟು ಕಲಿಯಲೇಬೇಕು ಅಂತ ಹಟ ಹಿಡಿದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮುಂದೆ ಒತ್ತಬೇಕು, ಬಿಡಬೇಕು, ಕೆಳಗೆ ಒತ್ತಬೇಕು, ಆಮೇಲೆ ಕೆಳಗೆ-ಮುಂದೆ ಓರೆಯಾಗಿ ಒತ್ತುವ ಹೊತ್ತಿಗೇ ಬಲಗೈ ಏಟಿನ ಬಟನ್ ಬೀಳಬೇಕು. ಹೊತ್ತಿಗೇ ಅಂದ್ರೆ ಅದೇ ಫ್ರೇಮ್‌ಗೆ. ಫ್ರೇಮ್ ಅಂದ್ರೆ ಸ್ಕ್ರೀನ್ ಮೇಲೆ ಬರುವ ಒಂದೊಂದು ಚಿತ್ರ, ಒಂದು ಸೆಕೆಂಡಿಗೆ 60 ಫ್ರೇಮ್. ಅದರಲ್ಲಿ ಒಂದು. ಒಂದು ಫ್ರೇಮ್ ತಡವಾದರೂ ಸಾದಾ ಏಟು ಬರುತ್ತೆ, ಎದುರಿನವನು ತಡೆದರೆ ನಾನು ಏಟು ತಿನ್ನಬೇಕು. ಸರಿ ಬಿದ್ದರೆ ಕೈಯಲ್ಲಿ ಮಿಂಚು ಹೊಡೆಯುತ್ತೆ, ಚಟಾರ್ ಅಂತ ಸದ್ದು ಬರುತ್ತೆ. ಅದನ್ನು ತಡೆದರೂ ಮುಂದಿನ ಸರದಿ ನನ್ನದೇ.

ರಾತ್ರಿ ಅಂಗಡಿ ಬಾಗಿಲು ಹಾಕಿ ಬಂದು, ಊಟ ಮಾಡಿ, ದಿನಾ ಒಂದು ಗಂಟೆ ಪ್ರಾಕ್ಟೀಸ್ ಮೋಡ್. ಎಡಗಡೆಯಿಂದ 50, ಬಲಗಡೆಯಿಂದ 50. ಮೊದಲ ತಿಂಗಳು ನೂರಕ್ಕೆ ನಾಲ್ಕೈದು ಬೀಳುತ್ತಿತ್ತು. ಎಡಗೈ ಹೆಬ್ಬೆರಳಿನ ಚರ್ಮ ಗಟ್ಟಿಯಾಗಿದೆ. ಈಗ ನೂರಕ್ಕೆ 80 ಬೀಳುತ್ತೆ. ಮೊದಲ ಸಲ ಸತತ ಹತ್ತು ಬಿದ್ದ ರಾತ್ರಿ ನಾನು ಎದ್ದು ರೂಮೆಲ್ಲಾ ಓಡಾಡಿದೆ. ಅಷ್ಟು ಖುಷಿ ನನಗೆ ಪರೀಕ್ಷೆ ಪಾಸಾದಾಗಲೂ ಆಗಿರಲಿಲ್ಲ.

ಆದರೆ ಗೆಳೆಯರಿಗೆ ಖುಷಿ ಇಲ್ಲ. ಹೋದ ಭಾನುವಾರ ನಾನು ಸತತ 14 ಆಟ ಗೆದ್ದೆ. ಎಡ್ಡಿ ಅನ್ನೋ ಪಾತ್ರ ತಗೊಂಡು ಆಡೋ ಗೆಳೆಯ ಆಟದ ಮಧ್ಯದಲ್ಲೇ ಕಂಟ್ರೋಲರ್ ಹಾಸಿಗೆ ಮೇಲೆ ಇಟ್ಟ. ಎಸೆಯಲಿಲ್ಲ, ಮೆತ್ತಗೆ ಇಟ್ಟ. "ನಾವು ಆಡೋಕೆ ಬರ್ತೀವಿ, ನೀನು ಕೆಲಸಕ್ಕೆ ಬಂದ ಹಾಗೆ ಬರ್ತೀಯ" ಅಂದ. ಆ ಮಾತು ವಾರದಿಂದ ತಲೆಯಲ್ಲೇ ಇದೆ.

ಅವರ ಜೊತೆ ಬೇಕಂತಲೇ ಸೋಲಲೇ? ಪ್ರಾಕ್ಟೀಸ್ ನಿಲ್ಲಿಸಲೇ? ಎರಡೂ ನನಗೆ ಆಗಲ್ಲ. ಏನು ಮಾಡಲಿ?

ಹರಿಹರ_ಶಿಫ್ಟ್

ನಾನು ನಿಮ್ಮ ಗೆಳೆಯನ ಕಡೆ. ನನಗೂ ವಾರಕ್ಕೆ ಎರಡೇ ಗಂಟೆ ಸಿಗುತ್ತೆ. ನೈಟ್ ಶಿಫ್ಟ್ ಮುಗಿಸಿ, ಮಗಳನ್ನು ಸ್ಕೂಲಿಗೆ ಬಿಟ್ಟು, ಉಳಿದ ಹೊತ್ತಲ್ಲಿ ಆಟ. ಹೊಸ ಏಟು ಕಲಿಯೋಕೆ ಕೂತರೆ ಆ ಎರಡು ಗಂಟೆ ಅಲ್ಲೇ ಹೋಗುತ್ತೆ.

ನಮ್ಮಂಥವರನ್ನು ಸೋಮಾರಿ ಅಂದುಕೊಳ್ಳಬೇಡಿ. ನನಗೆ ಆಟ ಅಂದ್ರೆ ಪಕ್ಕದಲ್ಲಿ ಕೂತವನ ಭುಜ ತಾಗಬೇಕು, "ಲೇ ಲೇ ಲೇ" ಅಂತ ಕೂಗಾಟ ಇರಬೇಕು. ಮಂಡಕ್ಕಿ ಮಿರ್ಚಿ ತಿಂದ ಎಣ್ಣೆ ಕೈಯಲ್ಲೇ ಬಟನ್ ಒತ್ತಬೇಕು. ಒಂದು ಕೇಳ್ತೀನಿ. ಆ 14 ಆಟದಲ್ಲಿ ನೀವು ಎಷ್ಟು ಸಲ ಬಾಯಿ ಬಿಟ್ಟು ಮಾತಾಡಿದ್ರಿ?

ಮಂಡಿಪೇಟೆ_ಕಜುಯಾ

ಮಾತಾಡಿಲ್ಲ ಅಣ್ಣ. ಸ್ಕ್ರೀನ್ ಬಿಟ್ಟು ಬೇರೆ ಕಡೆ ನೋಡಿದ ನೆನಪೂ ಇಲ್ಲ.

ಗರಡಿ_ಮೊಮ್ಮಗ

ತಮ್ಮಾ, ಪ್ರಾಕ್ಟೀಸ್ ಮಾತ್ರ ನಿಲ್ಲಿಸಬೇಡ.

ನಾನು ಟೆಕ್ಕನ್ 3 ಕಾಲದವನು. ಕಾಲೇಜು ತಪ್ಪಿಸಿ ವಿಡಿಯೋ ಗೇಮ್ ಅಂಗಡಿಯಲ್ಲಿ ಕೂರುತ್ತಿದ್ದೆವು. ಅಲ್ಲೂ ಎಡ್ಡಿ ತಗೊಂಡು ಎರಡು ಕಾಲಿನ ಬಟನ್ ಸುಮ್ನೆ ಒತ್ತಿ ಎಲ್ಲರನ್ನೂ ಸೋಲಿಸುವ ಒಬ್ಬ ಇದ್ದೇ ಇರುತ್ತಿದ್ದ.

ನಮ್ಮಜ್ಜ ಇಲ್ಲೇ ಗರಡಿಯಲ್ಲಿ ಕುಸ್ತಿ ಆಡಿದವರು, ದುಗ್ಗಮ್ಮನ ಜಾತ್ರೆ ಕಣದಲ್ಲೂ ಇಳಿದಿದ್ದಾರೆ. ಬೆಳಗಿನ ಜಾವ ಎದ್ದು ಮೊದಲು ಮಟ್ಟಿ ಅಗೆಯೋದು, ಆಮೇಲೆ ದಂಡ, ಬಸ್ಕಿ. ಪಟ್ಟು ಕಲಿಯೋದು ಕೊನೆಗೆ. ನಿನ್ನ 50-50 ಓದಿದಾಗ ನನಗೆ ಅವರೇ ನೆನಪಾದರು. ಅವರು ಯಾವಾಗಲೂ ಕೇಳುತ್ತಿದ್ದುದು "ಜೋಡಿ ಯಾರು?" ಅಂತ. ಪೈಲ್ವಾನನಿಗೆ ತೂಕಕ್ಕೆ ತಕ್ಕ ಜೋಡಿ ಬೇಕು. ಸಿಗದಿದ್ದರೆ ಕಿರಿಯನನ್ನೇ ತಯಾರು ಮಾಡಿಕೊಳ್ಳಬೇಕು.

ಲಾಹೋರಿನ ಟೆಕ್ಕನ್ ಆಟಗಾರ ಅರ್ಸಲಾನ್ ಆಶ್ ಗೊತ್ತಲ್ಲ. 2019ರಲ್ಲಿ ಇಂಥ ಹೊಡೆದಾಟದ ಗೇಮ್‌ಗಳ ದೊಡ್ಡ ಟೂರ್ನಿ ಇವೊ ಜಪಾನ್ ಗೆದ್ದ. ಅದೇ ವರ್ಷ ಲಾಸ್ ವೇಗಸ್ ಇವೊ ಫೈನಲ್‌ನಲ್ಲಿ ಕೊರಿಯಾದ ದೊಡ್ಡ ಆಟಗಾರ 'ನೀ'ಯನ್ನು ಸೋಲಿಸಿದ. ಗೆದ್ದ ಮೇಲೆ, ಪಾಕಿಸ್ತಾನದಲ್ಲಿ ಬಲವಾದ ಆಟಗಾರರು ಇನ್ನೂ ಇದ್ದಾರೆ ಅಂತ ಹೇಳಿದ. ಅವನು ಬೆಳೆದದ್ದು ಊರಿನವರ ಜೊತೆ ಒಂದೇ ರೂಮಲ್ಲಿ ಕೂತು ಆಡಿ.

ವಯಸ್ಸಾಗುತ್ತೆ ಅಂತಲೂ ಅವಸರ ಬೇಡ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಇಂಥದ್ದೇ ಇನ್ನೊಂದು ಗೇಮ್ ಸ್ಟ್ರೀಟ್ ಫೈಟರ್ 5ರಲ್ಲಿ ಚಿನ್ನ ಗೆದ್ದ ಕಿಮ್ ಗ್ವಾನ್-ವೂಗೆ ಆಗ 44 ವರ್ಷ.

ದುರ್ಗದ_ಹುಡುಗಿ

ಬೇಕಂತ ಸೋಲೋದು ಬೇಡವೇ ಬೇಡ. ನನ್ನ ಅಣ್ಣ ಹಾಗೆ ಮಾಡುತ್ತಿದ್ದ. ಗೊತ್ತಾದ ದಿನ ನಾನು ಅತ್ತಿದ್ದೆ, ಅಲ್ಲಿಯವರೆಗೆ ಗೆದ್ದ ಒಂದು ಆಟವೂ ನನ್ನದಲ್ಲ ಅನ್ನಿಸಿತು.

ನಿಮ್ಮ ಪೋಸ್ಟಲ್ಲಿ ಒಂದು ವಿಷಯ ಇಲ್ಲ. ಎಲೆಕ್ಟ್ರಿಕ್ ಮೇಲಿನ ಏಟು. ಕೂತರೆ ತಲೆ ಮೇಲಿಂದ ಹೋಗುತ್ತೆ. ಅದು ಗಾಳಿಗೆ ಹೋದಾಗ ಕೂತವರು ಎದ್ದೇಳುತ್ತಾ ಹೊಡೆದರೆ ಕಜುಯಾ ಮೇಲಕ್ಕೆ ಹೋಗುತ್ತಾನೆ. ಇದನ್ನು ಆ ಮೂವರಿಗೆ ನೀವು ಯಾವತ್ತಾದರೂ ಹೇಳಿದ್ದೀರಾ? ನಿಂತೇ ತಡೆಯುತ್ತಿದ್ದರೆ ಅವರಿಗೆ ಆ ಏಟಿಗೆ ಉತ್ತರವೇ ಇಲ್ಲ. ಉತ್ತರ ಇಲ್ಲದ ಆಟ ಯಾರಿಗೆ ಬೇಕು?

ರಿಪ್ಲೇ ಹಾಕಿ. ಏಟು ಬೀಳುವ ಮುಂಚೆ ನಿಲ್ಲಿಸಿ ಕಂಟ್ರೋಲ್ ಅವರ ಕೈಗೆ ಕೊಡಬಹುದು, ಟೆಕ್ಕನ್ 8ರಲ್ಲೇ ಆ ವ್ಯವಸ್ಥೆ ಇದೆ. ಹತ್ತು ನಿಮಿಷ ಸಾಕು. ಪಾಠ ಮಾಡಬೇಡಿ, ಒಂದೇ ಒಂದು ತೋರಿಸಿ.

ಮಂಡಿಪೇಟೆ_ಕಜುಯಾ

ಹೇಳಿರಲಿಲ್ಲ ಅಕ್ಕ. ಎಂಟು ತಿಂಗಳು ಹೇಳಿರಲಿಲ್ಲ. ಬಚ್ಚಿಡಬೇಕು ಅಂತಲ್ಲ, ಅವರಿಗೆ ಬೇಡ ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ.

ಇವತ್ತು ಭಾನುವಾರ, ಈಗಷ್ಟೇ ಬಂದೆ. ಎಡ್ಡಿ ಗೆಳೆಯ ದೋಸೆಗೆ ಬಂದ, ರೂಮಿಗೆ ಬರಲಿಲ್ಲ. ಉಳಿದ ಇಬ್ಬರಿಗೆ ರಿಪ್ಲೇ ತೋರಿಸಿದೆ. ಒಬ್ಬ ಫೋನ್ ನೋಡುತ್ತಾ ಕೂತಿದ್ದ. ಇನ್ನೊಬ್ಬ ಮೂರು ಸಲ ಕೂತ, ಮೂರು ಸಲವೂ ಬೇಗ ಎದ್ದು ಏಟು ತಿಂದ. ನಾಲ್ಕನೇ ಸಲ ನನ್ನ ಮಿಂಚು ಅವನ ತಲೆ ಮೇಲಿಂದ ಹೋಯಿತು. ಅವನು ಎದ್ದು ಹೊಡೆದ, ಕಜುಯಾ ಗಾಳಿಗೆ ಹೋದ. ಅವನಿಗೆ ಮುಂದೆ ಏನು ಒತ್ತಬೇಕು ಅಂತ ಗೊತ್ತಿರಲಿಲ್ಲ. ಸುಮ್ನೆ ನೋಡುತ್ತಾ ನಿಂತ. ಆದರೆ ಕೂಗಿದ ಕೂಗಿಗೆ ಕೆಳಗಿಂದ ಅವರಮ್ಮ ಮೇಲೆ ಬಂದರು. ಫೋನ್ ನೋಡುತ್ತಿದ್ದವನು ಫೋನ್ ಇಟ್ಟು "ಕೊಡಿಲ್ಲಿ, ನಾನು ನೋಡ್ತೀನಿ" ಅಂದ.

ಅದಾದ ಮೇಲೆ ನಾನು ಎರಡು ಆಟ ನಿಜವಾಗಿ ಸೋತೆ. ಎಲ್ಲಿ ಕೂರುತ್ತಾರೋ ಅಂತ ಭಯ ಬಂದು ಕೈ ತಡವಾಯಿತು.

ಈಗ ಅವರು ಕೂರೋಕೆ ಶುರು ಮಾಡಿದ್ದಾರೆ. ಹಾಗಾದರೆ ನಾನು ಕೂತವರಿಗೂ ತಾಗುವ ಮಧ್ಯದ ಏಟು ಕಲಿಯಬೇಕು, ಅಲ್ವಾ? ಕಜುಯಾಗೆ ಯಾವುದರಿಂದ ಶುರು ಮಾಡಲಿ? ಎಡ್ಡಿ ಗೆಳೆಯನಿಗೆ ಸಂಜೆ ಫೋನ್ ಮಾಡುತ್ತೇನೆ. ಆಟದ ವಿಷಯ ಎತ್ತಲ್ಲ, ಕುಂದವಾಡ ಕೆರೆ ಕಡೆ ಒಂದು ಸುತ್ತು ಹೋಗಿ ಬರೋಣ ಬಾ ಅನ್ನುತ್ತೇನೆ.