ಬೆಂಗಳೂರು–ದೆಹಲಿ ವಿಮಾನ: ಲೆಕ್ಕಕ್ಕೆ 2 ಗಂಟೆ, ಟಿಕೆಟ್‌ನಲ್ಲಿ 2 ಗಂಟೆ 50 ನಿಮಿಷ. ಯಾಕೆ?

ಹಾಸನದ ಗಣಿತ ಮೇಷ್ಟ್ರು:
ಒಂಬತ್ತನೇ ಕ್ಲಾಸಿಗೆ ದೂರ, ವೇಗ, ಸಮಯದ ಲೆಕ್ಕ ಮಾಡಿಸುತ್ತಿದ್ದೇನೆ. ರೈಲು, ಬಸ್ಸು ಮಾಡಿ ಮಾಡಿ ಮಕ್ಕಳಿಗೆ ಬೇಜಾರಾಗಿದೆ. ಈ ಸಲ ವಿಮಾನದ ಲೆಕ್ಕ ಕೊಡೋಣ ಅಂತಿದ್ದೇನೆ. ಬೆಂಗಳೂರಿನಿಂದ ದೆಹಲಿಗೆ ಸುಮಾರು 1,710 ಕಿ.ಮೀ. ಅಂತ ನೆಟ್‌ನಲ್ಲಿದೆ. ಗಂಟೆಗೆ 830 ಕಿ.ಮೀ. ವೇಗ ಹಿಡಿದರೆ ಎರಡು ಗಂಟೆ ಚಿಲ್ಲರೆ ಆಗಬೇಕು, ಅಲ್ವಾ? ಉಳಿದ ಮುಕ್ಕಾಲು ಗಂಟೆ ಎಲ್ಲಿ ಹೋಗುತ್ತದೆ? ಆ 1,710 ಎಲ್ಲಿಂದ ಬಂತು ಅಂತಲೂ ಮಕ್ಕಳು ಕೇಳೇ ಕೇಳುತ್ತಾರೆ. ಸುಮ್ನೆ ನೆಟ್‌ನಲ್ಲಿತ್ತು ಅನ್ನಲು ನನಗೆ ಮನಸ್ಸಿಲ್ಲ.

ರೂಟ್ ಪ್ಲಾನರ್:
ಮೇಷ್ಟ್ರೇ, ವಿಮಾನಗಳಿಗೆ ದಾರಿ, ಇಂಧನ ಲೆಕ್ಕ ಹಾಕುವುದೇ ನನ್ನ ಕೆಲಸ. ನೀವು ಆರಿಸಿದ ಜೋಡಿ ತುಂಬಾ ಚೆನ್ನಾಗಿದೆ. ಎರಡೂ ನಿಲ್ದಾಣ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ: 77.7 ಮತ್ತು 77.1 ಡಿಗ್ರಿ. ಹಾಗಾಗಿ ಅಕ್ಷಾಂಶ ಕಳೆದರೆ ಸಾಕು. 28.6ರಲ್ಲಿ 13.2 ಹೋದರೆ 15.4. ಒಂದು ಡಿಗ್ರಿಗೆ 111 ಕಿ.ಮೀ. ಗುಣಿಸಿ ನೋಡಿ, ನಿಮ್ಮ 1,710 ಬಂದೇ ಬಿಡುತ್ತದೆ. ಮಕ್ಕಳು ಅಟ್ಲಾಸ್ ಇಟ್ಟುಕೊಂಡೇ ಮಾಡಬಹುದು.

ಇನ್ನು ಸಮಯ. ಟಿಕೆಟ್‌ನಲ್ಲಿರುವುದು ಹಾರಾಟದ ಸಮಯ ಅಲ್ಲ. ಇಲ್ಲಿ ಗೇಟ್ ಬಿಟ್ಟಾಗಿನಿಂದ ಅಲ್ಲಿ ಗೇಟ್ ಸೇರುವ ತನಕದ್ದು. ರನ್‌ವೇವರೆಗೆ ಉರುಳಿಕೊಂಡು ಹೋಗಬೇಕು, ಸರದಿ ಕಾಯಬೇಕು. ಏರುವಾಗ, ಇಳಿಯುವಾಗ 830 ವೇಗ ಇರುವುದಿಲ್ಲ. ದಾರಿಯೂ ದಾರ ಎಳೆದಷ್ಟು ನೇರ ಅಲ್ಲ. ದೆಹಲಿಯ ಮೇಲೆ ದಟ್ಟಣೆ ಇದ್ದರೆ ಆಕಾಶದಲ್ಲೇ ಸುತ್ತು ಹಾಕಿಸುತ್ತಾರೆ. ಅದಕ್ಕೆಲ್ಲ ಸೇರಿಸಿ ಇಟ್ಟ ಸಮಯ ಅದು.

ಮೈಸೂರಿನ ಅಮ್ಮ:
ನನ್ನ ಮಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದಾನೆ. ಬೆಂಗಳೂರಿನ ನೇರ ವಿಮಾನ ಉತ್ತರ ಧ್ರುವದ ಕಡೆಯಿಂದ ಹೋಗುತ್ತಿತ್ತು ಅಂದರು. ಅದು ಸುತ್ತು ದಾರಿ ಆಗುವುದಿಲ್ಲವೇ?

ರೂಟ್ ಪ್ಲಾನರ್:
ಇಲ್ಲ ಅಮ್ಮ, ಅದೇ ಹತ್ತಿರದ ದಾರಿ. ಗೋಡೆಯ ನಕ್ಷೆ ನೋಡಬೇಡಿ, ಗ್ಲೋಬ್ ತಗೊಳ್ಳಿ. ಎರಡೂ ಊರಿನ ಮೇಲೆ ದಾರ ಬಿಗಿಯಾಗಿ ಹಿಡಿಯಿರಿ. ಅದು ತಾನಾಗಿಯೇ ಧ್ರುವದ ಹತ್ತಿರ ಜಾರುತ್ತದೆ. ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾ ಅಲ್ಲಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ಹಾರಿಸಿದಾಗ ಪೈಲಟ್‌ಗಳೆಲ್ಲ ಹೆಣ್ಣುಮಕ್ಕಳೇ. ಉತ್ತರ ಧ್ರುವದ ಮೇಲಿಂದಲೇ ಬಂದರು. ನನಗೆ ಇವತ್ತಿಗೂ ಹೆಮ್ಮೆ. ಟಿಕೆಟ್‌ನ ಎರಡು ಸಮಯ ಕಳೆದು ನೋಡಬೇಡಿ, ಎರಡೂ ಆಯಾ ಊರಿನ ಗಡಿಯಾರದ್ದು. ಚಳಿಗಾಲದಲ್ಲಿ ನಾವು ಅವರಿಗಿಂತ ಹದಿಮೂರೂವರೆ ಗಂಟೆ ಮುಂದಿರುತ್ತೇವೆ.

ಹಾಸನದ ಗಣಿತ ಮೇಷ್ಟ್ರು:
ತುಂಬಾ ಉಪಕಾರವಾಯಿತು. ನಾಳೆ ಅಟ್ಲಾಸ್ ಜೊತೆ ಗ್ಲೋಬನ್ನೂ ಒಯ್ಯುತ್ತೇನೆ. ಗಾಳಿಯ ಲೆಕ್ಕವನ್ನೂ ಸೇರಿಸಲು ಒಂದು ಜೋಡಿ ಊರು ಹೇಳಿ.

ರೂಟ್ ಪ್ಲಾನರ್:
ಮುಂಬೈ–ಕೋಲ್ಕತ್ತ ಕೊಡಿ. ಚಳಿಗಾಲದಲ್ಲಿ ಮೇಲೆ ಪಶ್ಚಿಮದಿಂದ ಜೋರು ಗಾಳಿ ಬೀಸುತ್ತದೆ. ಹೋಗುವಾಗ ಬೆನ್ನಿಗೆ, ಬರುವಾಗ ಎದುರಿಗೆ. ಗಾಳಿ ಗಂಟೆಗೆ 80 ಕಿ.ಮೀ. ಅಂತಿಟ್ಟುಕೊಂಡು ಒಮ್ಮೆ ಕೂಡಿಸಿ, ಒಮ್ಮೆ ಕಳೆದು ಮಾಡಿಸಿ.