ಅಪ್‌ಡೇಟ್: 120 ಫಿಲ್ಮ್ ರೋಲ್ ಅಂಚಿನ ಬೆಳಕಿನ ಕಲೆ, ಕಾರಣ ಸಿಕ್ತು

ಯಾಶಿಕಾ ಮ್ಯಾಟ್ 124ಜಿ ಫಿಲ್ಮ್ ಕ್ಯಾಮೆರಾದಲ್ಲಿ ತೆಗೆದ ನೆಗೆಟಿವ್‌ಗಳ ಅಂಚು ಕಪ್ಪಾಗ್ತಿದೆ, ಹಿಂಬಾಗಿಲಲ್ಲಿ ಬೆಳಕು ತಡೆಯೋ ಫೋಮ್ ಬದಲಿಸಬೇಕಾ ಅಂತ ಕೇಳಿದ್ದೆ. ಬೇಕಾಗಲಿಲ್ಲ. ಫೋಮ್ ಸೋರಿದರೆ ಕಲೆ ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ ಬರುತ್ತೆ. ಇಲ್ಲಿ ಅಂಚಿನಿಂದ ಅಲೆಅಲೆಯಾಗಿ ಒಳಗೆ ಹರಿದಿತ್ತು. ಅಂದರೆ ರೋಲ್ ಸಡಿಲ ಸುತ್ತಿದೆ. ಹೊರಗೆ ತೆಗೆದಾಗ ಫಿಲ್ಮ್ ಹಿಂದಿನ ಕಾಗದಕ್ಕೂ ಸ್ಪೂಲ್ (ಫಿಲ್ಮ್ ಸುತ್ತೋ ಉರುಳೆ) ಅಂಚಿಗೂ ನಡುವಿನ ಸಂದಿನಲ್ಲಿ ಬೆಳಕು ನುಗ್ಗಿದೆ.

ಪರಿಹಾರಕ್ಕೆ ಪೈಸೆ ಖರ್ಚಿಲ್ಲ. ಕಾಗದದ ತುದಿಯನ್ನು ಮೇಲಿನ ಖಾಲಿ ಸ್ಪೂಲ್‌ನ ಸೀಳಿಗೆ ನೇರವಾಗಿ ಸಿಕ್ಕಿಸಿ, ಕೆಳಗಿನ ರೋಲ್ ಮೇಲೆ ಹೆಬ್ಬೆರಳು ಒತ್ತಿಟ್ಟು, ಕಾಗದದ ಮೇಲಿನ ಬಾಣ ಕ್ಯಾಮೆರಾದ ಗುರುತಿಗೆ ಬರುವವರೆಗೆ ಬಿಗಿಯಾಗಿ ಸುತ್ತಿ. ಫಿಲ್ಮನ್ನು ಚಪ್ಪಟೆಯಾಗಿ ಒತ್ತಿಡೋ ಒಳಗಿನ ಪ್ರೆಷರ್ ಪ್ಲೇಟ್ 12ರ ಗುರುತಿನಲ್ಲಿರಲಿ. 24 ಇರೋದು ಎರಡರಷ್ಟು ಉದ್ದದ 220 ಫಿಲ್ಮ್‌ಗೆ. ಮುಗಿದ ರೋಲನ್ನು ನೆರಳಲ್ಲೇ ತೆಗೆದು, ಬಿಚ್ಚಿಕೊಳ್ಳೋ ಮುಂಚೆ ಅಂಟುಪಟ್ಟಿ ಹಾಕಿ. ಹೀಗೆ ಹಾಕಿದ ಮುಂದಿನ ರೋಲ್ ಎಚ್‌ಪಿ5 (ಕಪ್ಪು-ಬಿಳುಪು ಫಿಲ್ಮ್), ಹನ್ನೆರಡೂ ಫ್ರೇಮ್ ಶುಭ್ರ.