ಹಿಮಾಲಯ ದಾಟಿ ಬಂದ ಕ್ರೇನ್ ಹಕ್ಕಿ ನಮ್ಮ ಕರೆಂಟ್ ತಂತಿಗೆ ಬಡಿದು ಸಾಯಬೇಕಾ?

ಜಕ್ಕೂರು ಕೆರೆ ಏರಿ:
ಈ ಚಳಿಗಾಲ ರಾಜಸ್ಥಾನದ ಖೀಚನ್‌ಗೆ ಹೋಗಿದ್ದೆ. ಮಂಗೋಲಿಯಾ, ಕಜಕಸ್ತಾನದ ಕಡೆಯಿಂದ ಸಾವಿರಾರು ಡೆಮೊಸೆಲ್ ಕ್ರೇನ್‌ಗಳು ಬಂದಿಳಿಯುವ ಊರು ಅದು. ಊರವರು ಕುರ್ಜಾ ಅಂತ ಕರೆದು ದಿನಾ ಬೆಳಗ್ಗೆ ಕಾಳು ಹಾಕುತ್ತಾರೆ. ಇಷ್ಟು ದೂರ ಬಂದ ಹಕ್ಕಿ ಕೊನೆಗೆ ಊರಂಚಿನ ತಂತಿಗೆ ಬಡಿದು ಸಾಯುತ್ತದೆ. ನಮ್ಮ ರಾಜ್ಯದಲ್ಲಿ ಹೊಸ ಲೈನ್ ಎಳೆಯುವಾಗ ಕೆರೆ, ಹಿನ್ನೀರು ನೋಡಿ ಎಳೆಯಿರಿ ಅಂತ ನಾವು ಬೆಂಗಳೂರಿನವರು ಕೇಳಬೇಕಲ್ವಾ? ಕರೆಂಟ್ ಜಾಸ್ತಿ ಬಳಸೋರು ನಾವೇ.

ರಾಜಾಜಿನಗರ ನಿವಾಸಿ:
ನಮ್ಮ ಬೀದಿ ತಂತಿ ಮೇಲೆ ಕಾಗೆ, ಪಾರಿವಾಳ ದಿನವಿಡೀ ಕೂತಿರುತ್ತವೆ. ಏನೂ ಆಗಲ್ಲ. ನಮ್ಮಮ್ಮ ಆಕ್ಸಿಜನ್ ಮಷೀನ್ ಮೇಲಿದ್ದಾರೆ. ಕರೆಂಟ್ ಹೋದರೆ ನನಗೆ ಕೈಕಾಲು ಆಡಲ್ಲ. ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಇದೆ ಅಂತೀವಿ, ಆ ಕರೆಂಟೂ ತಂತಿಯಲ್ಲೇ ಬರಬೇಕು. ಲೈನ್ ತಡೆಯೋ ಮಾತು ಬೇಡ.

ಟವರ್ ಕೆಲಸದವನು:
ಲೈನ್ ಕೆಲಸದಲ್ಲಿ 22 ವರ್ಷ ಕಳೆದಿದ್ದೇನೆ. ಸರ್, ಕಾಗೆಯ ಲೆಕ್ಕವೇ ಬೇರೆ. ಒಂದೇ ತಂತಿ ಮೇಲೆ ಕೂತರೆ ಶಾಕ್ ಹೊಡೆಯಲ್ಲ. ಈ ಕ್ರೇನ್ ತಂತಿ ಮೇಲೆ ಕೂರೋದೇ ಇಲ್ಲ. ಅದರ ಹಿಂಬೆರಳು ಚಿಕ್ಕದು, ಮೇಲಕ್ಕಿರುತ್ತೆ, ಹಿಡಿತ ಸಿಗಲ್ಲ. ಅದು ಸಾಯೋದು ಡಿಕ್ಕಿ ಹೊಡೆದು. ಟವರ್ ತುದಿಯಲ್ಲಿ ಸಿಡಿಲಿಗೆ ಅಂತ ಒಂದು ಅರ್ಥ್ ವೈರ್ ಇರುತ್ತದೆ. ಕೆಳಗೆ ಕರೆಂಟ್ ಹರಿಯುವ ತಂತಿಗಿಂತ ಸಣ್ಣದು. ದಪ್ಪ ತಂತಿ ಕಂಡು ಹಕ್ಕಿ ಮೇಲೇಳುತ್ತೆ, ಮೇಲಿನ ಸಣ್ಣದಕ್ಕೆ ಬಡಿಯುತ್ತೆ.

ಬೀದರ್ ಹುಡುಗ (ಈಗ ಮಾರತಹಳ್ಳಿ):
ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಕಡೆಗೂ ಇವು ಚಳಿಗಾಲದಲ್ಲಿ ಬರುತ್ತವೆ. ರಾತ್ರಿ ಹಿನ್ನೀರಿನ ಹತ್ತಿರ ಇರ್ತಾವೆ, ಬೆಳಗ್ಗೆ ಕಡಲೆ ಹೊಲಕ್ಕೆ ಬರ್ತಾವೆ. ನಡುವೆ ದೊಡ್ಡ ಲೈನ್. ಒಂದು ದಿನ ಮಂಜು ಇತ್ತು. ಕಾಕಾನ ಜೊತೆ ಹೊಲದಲ್ಲಿದ್ದೆ. ಮೇಲೆ ಗುಂಪು ಕೂಗುತ್ತಾ ಬಂತು, ಹಗ್ಗಕ್ಕೆ ಕೋಲು ಬೀಸಿದ ಹಾಗೆ ಒಂದು ಸದ್ದು. ಹೋಗಿ ನೋಡಿದರೆ ಒಂದು ಹಕ್ಕಿ ಬಿದ್ದಿತ್ತು. ರೆಕ್ಕೆ ಮೂಳೆ ಹೊರಗೆ ಬಂದಿತ್ತು. ಕೆಂಪು ಕಣ್ಣು ನಮ್ಮನ್ನೇ ನೋಡ್ತಿತ್ತು. ಕಣ್ಣಿನ ಹಿಂದಿನ ಬಿಳಿ ಗರಿಗೆ ಕಡಲೆ ಎಲೆಯ ನೀರು ಹತ್ತಿತ್ತು. ಕಾಕಾ ತಲೆಯ ಟವೆಲ್ ಬಿಚ್ಚಿ ಸುತ್ತಿದರು. ಮಧ್ಯಾಹ್ನದ ತನಕ ಇತ್ತು, ಆಮೇಲೆ ಇಲ್ಲ. ಅದರ ಜೋಡಿ ಎರಡು ದಿನ ಅಲ್ಲೇ ಸುತ್ತು ಹಾಕ್ತಿತ್ತು.

ರಾಜಾಜಿನಗರ ನಿವಾಸಿ:
ಓದಿ ಸಂಕಟವಾಯಿತು. ಆದರೂ ಕೇಳ್ತೀನಿ. ಅಷ್ಟು ದೊಡ್ಡ ತಂತಿ ಹಕ್ಕಿಗೆ ಕಾಣಲ್ವಾ?

ಜಕ್ಕೂರು ಕೆರೆ ಏರಿ:
ಎಷ್ಟೋ ಸಲ ಕಾಣಲ್ಲ. ದಕ್ಷಿಣ ಆಫ್ರಿಕಾದ ನೀಲಿ ಕ್ರೇನ್‌ಗಳ ಕಣ್ಣನ್ನು ಅಳೆದು 2010ರಲ್ಲಿ ಒಂದು ಸಂಶೋಧನೆ ಬಂತು. ಹಾರುತ್ತಾ ಕೆಳಗಿನ ಹೊಲ ನೋಡೋಕೆ ತಲೆಯನ್ನು ಸಾಕಷ್ಟು ಬಗ್ಗಿಸಿದರೆ, ಎದುರಿನ ದಾರಿಯೇ ಅದಕ್ಕೆ ಕಾಣಲ್ಲ. ಮೈ ಭಾರ ಬೇರೆ, ಕೊನೇ ಗಳಿಗೆಯಲ್ಲಿ ತಿರುಗೋಕೆ ಆಗಲ್ಲ. ಒಂದು ಜೋಡಿ ವರ್ಷಕ್ಕೆ ಇಡೋದು ಸಾಮಾನ್ಯವಾಗಿ ಎರಡೇ ಮೊಟ್ಟೆ. ದೊಡ್ಡ ಹಕ್ಕಿ ಒಂದು ಹೋದರೂ ನಷ್ಟ ತುಂಬೋಕೆ ವರ್ಷಗಳು ಬೇಕು.

ರಾಜಾಜಿನಗರ ನಿವಾಸಿ:
ಹಾಗಾದರೆ ಎಲ್ಲಾ ತಂತಿ ನೆಲದಡಿ ಹಾಕಿ ಅಂತೀರಾ?

ಟವರ್ ಕೆಲಸದವನು:
ಎಲ್ಲ ಕಡೆ ಆಗಲ್ಲ. ಎರೆಭೂತ ಹಕ್ಕಿಯನ್ನು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಉಳಿಸೋಕೆ ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ರಾಜಸ್ಥಾನ, ಗುಜರಾತಿನಲ್ಲಿ ಲೈನ್ ನೆಲದಡಿ ಹಾಕಿ ಅಂದಿತ್ತು. 2024ರಲ್ಲಿ ಅದನ್ನು ಬದಲಿಸಿ ತಜ್ಞರ ಸಮಿತಿಗೆ ಕೊಟ್ಟಿತು. 400 ಕೆವಿ ಲೈನನ್ನು ಉದ್ದಕ್ಕೂ ಹೂಳೋದು ವಿಪರೀತ ಖರ್ಚು. ಆದರೆ ತಂತಿ ಹಕ್ಕಿಗೆ ದೂರದಿಂದಲೇ ಕಾಣೋ ಹಾಗೆ ಅರ್ಥ್ ವೈರ್‌ಗೆ ಡೈವರ್ಟರ್ ಅನ್ನೋ ಗುರುತು ಸಿಕ್ಕಿಸಬಹುದು. ಸುರುಳಿಯದ್ದೂ ಇದೆ, ಗಾಳಿಗೆ ತಿರುಗುವ ಬಿಲ್ಲೆಯೂ ಇದೆ. ಈಗ ಡ್ರೋನ್‌ನಲ್ಲೇ ಹಾಕ್ತಾರೆ, ಲೈನ್ ಆಫ್ ಮಾಡೋ ಪ್ರಮೇಯ ಕಡಿಮೆ.

ಮಲ್ಲೇಶ್ವರದ ಮೇಷ್ಟ್ರು:
ಅದರಿಂದ ನಿಜಕ್ಕೂ ಪ್ರಯೋಜನ ಇದೆಯೇ? ಸುಮ್ನೆ ಹಾಕಿ ಫೋಟೋ ತೆಗೆದರೆ ಆಯಿತಾ?

ಜಕ್ಕೂರು ಕೆರೆ ಏರಿ:
ಅದು ಯಾವ ಹಕ್ಕಿ ಅನ್ನೋದರ ಮೇಲೆ ಹೋಗುತ್ತೆ ಮೇಷ್ಟ್ರೇ. ದಕ್ಷಿಣ ಆಫ್ರಿಕಾದ ಕರೂ ಬಯಲಲ್ಲಿ ವರ್ಷಗಟ್ಟಲೆ ಪರೀಕ್ಷೆ ಮಾಡಿದರು. ನೀಲಿ ಕ್ರೇನ್ ಸಾವು 92% ಇಳಿಯಿತು. ಬಸ್ಟರ್ಡ್ ಜಾತಿಗೆ ಮಾತ್ರ ಉಪಯೋಗ ಆಗಲಿಲ್ಲ. ಹಾಗಾಗಿ ಎರೆಭೂತಕ್ಕೆ ಲೈನ್ ದೂರ ಹೋಗಬೇಕು. ಕ್ರೇನ್ ಆದರೆ ತಂತಿಗೆ ಗುರುತು ಹಾಕಿದರೂ ಬದುಕುತ್ತೆ. ನೀರಿಗೂ ಹೊಲಕ್ಕೂ ನಡುವೆ ಬರುವ ನಾಲ್ಕಾರು ಕಿಲೋಮೀಟರ್ ಮೊದಲು ಮುಗಿಸಿ ಅನ್ನೋದು ನನ್ನ ಮಾತು. ಇಡೀ ರಾಜ್ಯದ ಲೈನ್ ಅಲ್ಲ.

ರಾಜಾಜಿನಗರ ನಿವಾಸಿ:
ಅಷ್ಟೇ ಆದರೆ ನನ್ನ ಬಿಲ್‌ನಲ್ಲಿ ಸೇರಿಸಲಿ, ಕೊಡ್ತೀನಿ. ಕರೆಂಟ್ ಮಾತ್ರ ನಿಲ್ಲಬಾರದು. ಆದರೆ ಯಾವ ನಾಲ್ಕು ಕಿಲೋಮೀಟರ್ ಅಂತ ಹೇಳೋರು ಯಾರು?

ಬೀದರ್ ಹುಡುಗ:
ಸಂಕ್ರಾಂತಿಗೆ ಊರಿಗೆ ಹೋಗ್ತೀನಿ. ಕಾಕಾನ ಜೊತೆ ಆ ಲೈನ್ ಕೆಳಗೆ ನಡೀತೀನಿ. ಎಲ್ಲಿ ಗರಿ, ಮೂಳೆ ಬಿದ್ದಿದೆ ಬರೆದುಕೊಳ್ತೀನಿ.

ಟವರ್ ಕೆಲಸದವನು:
ಬೆಳಕು ಹರಿಯೋ ಮೊದಲೇ ಹೋಗಿ ತಮ್ಮಾ. ತಡವಾದರೆ ನಾಯಿ, ನರಿ ಎಳೆದುಕೊಂಡು ಹೋಗಿರುತ್ತವೆ, ಲೆಕ್ಕ ತಪ್ಪುತ್ತೆ. ಟವರ್ ಮೇಲೆ ನಂಬರ್ ಬೋರ್ಡ್ ಇರುತ್ತೆ. ಯಾವ ಎರಡು ಟವರ್ ನಡುವೆ ಸಿಕ್ಕಿತು ಅಂತ ನಂಬರ್ ಸಮೇತ ಬರೆದುಕೊಂಡು ಬನ್ನಿ. ಅರ್ಜಿ ನಾನು ಬರೆದುಕೊಡ್ತೀನಿ.